ಭೀಮಕ್ಕನ ಹೆಸರು, ಲಕ್ಷ್ಮಪ್ಪನ ನಂಬರು

ಖಾನಾಪುರದಲ್ಲಿ ಪಾರೀಸ ಅವರದು ಕನ್ನಡಕದ ಅಂಗಡಿ. ೨೦೦೧ರಲ್ಲಿ ಅವರು ಕಂಪ್ಯೂಟರ್ ತಂದಾಗ ಪ್ರೋಗ್ರಾಂ ಬರೆದುಕೊಟ್ಟವಳು ತಂಗಿಯ ಮಗಳು ದೀಪಾಲಿ. ಬೆಳಗಾವಿಯ ರಾಮತೀರ್ಥ ನಗರದ ಮನೆಯಲ್ಲಿ ಕುಳಿತು, ಎರಡು ತಿಂಗಳು ವಿಷುವಲ್ ಬೇಸಿಕ್‌ನಲ್ಲಿ ಬರೆದಿದ್ದಳು. ಗಿರಾಕಿಯ ಹೆಸರು ಆರಿಸಿದರೆ ಪರದೆಯ ಮೇಲೆ ಅವರದೊಂದು ಕಿಟಕಿ ತೆರೆಯುತ್ತಿತ್ತು. ಅದರಲ್ಲಿನ ಬಟನ್ ಒತ್ತಿದರೆ ಹೆಸರು, ಕಣ್ಣಿನ ನಂಬರು ಇರುವ ಚೀಟಿ ಬರುತ್ತಿತ್ತು. ಆ ಚೀಟಿ ನೋಡಿಯೇ ಬೆಳಗಾವಿಯದೇ ಆಟೋ ನಗರದ ಒಂದು ವರ್ಕ್‌ಶಾಪಿನವರು ಗಾಜು ಅರೆದು ಕಳಿಸುತ್ತಿದ್ದರು.

ಮೂರನೆಯ ವಾರಕ್ಕೆ ಮಾಮಾನ ಫೋನು ಬಂತು. ಕುರಿ ಕಾಯುವ ಭೀಮಕ್ಕನ ಹೊಸ ಕನ್ನಡಕ ಸರಿಯಾಗಿಲ್ಲವಂತೆ.

"ವರ್ಕ್‌ಶಾಪಿನವರು ತಪ್ಪು ಮಾಡಿರಬೇಕು ಮಾಮಾ," ಎಂದಳು ದೀಪಾಲಿ.

"ಚೀಟಿ ಪ್ರತಿ ನನ್ನ ಕಡೆ ಐತಿ. ಅದರಾಗ ಆಕಿ ಹಿಂದ ಬಂದಿದ್ದ ಲಕ್ಷ್ಮಪ್ಪ ಮಾಸ್ತರರ ನಂಬರು ಬಿದ್ದೈತಿ. ಒಮ್ಮಿ ಬಂದು ಹೋಗವ್ವಾ."

ಮರುದಿನ ಬೆಳಿಗ್ಗೆಯೇ ಬಸ್ ಹತ್ತಿದಳು. ಅಂಗಡಿಯಲ್ಲಿ ಭೀಮಕ್ಕ ಕನ್ನಡಕವನ್ನು ಸೆರಗಿನಲ್ಲಿ ಸುತ್ತಿಕೊಂಡು ಕುಳಿತಿದ್ದಳು.

"ಹಾಕ್ಕೊಂಡ್ರ ನೆಲಾ ಎದ್ದು ಬರ್ತದ ಯವ್ವಾ. ನಿನ್ನಿ ಇಲ್ಲದ ಮೆಟ್ಟಲಾ ಹತ್ತಾಕ ಹೋಗಿ ಬಿದ್ನಿ."

ದೀಪಾಲಿಗೆ ಮುಖ ಎತ್ತಲಾಗಲಿಲ್ಲ. ಕಂಪ್ಯೂಟರ್ ಮುಂದೆ ಕುಳಿತು ಹತ್ತು ಸಲ ಚೀಟಿ ತೆಗೆದಳು. ಹತ್ತೂ ಸರಿ ಇದ್ದವು. ಕೊನೆಗೆ ಕುರ್ಚಿ ಬಿಟ್ಟು ಎದ್ದಳು.

"ನೀವ ಮಾಡ್ರಿ ಮಾಮಾ, ದಿನಾ ಹ್ಯಾಂಗ ಮಾಡ್ತೀರಿ ಹಂಗ. ನಾ ನೋಡ್ತೀನಿ."

ಪಾರೀಸ ಒಬ್ಬ ಗಿರಾಕಿಯ ಕಿಟಕಿ ತೆರೆದರು. ಆತ ಫ್ರೇಮು ಆರಿಸುತ್ತ ನಿಂತಿದ್ದಾಗ, ಸುಮ್ಮನೆ ಕೂರಲಾರದೆ ಮುಂದಿನವರ ಕಿಟಕಿಯನ್ನೂ ತೆರೆದರು. ಆಮೇಲೆ ಮೊದಲಿನದಕ್ಕೆ ಮರಳಿ ಬಟನ್ ಒತ್ತಿದರು. ಚೀಟಿಯ ಮೇಲೆ ಹೆಸರು ಮೊದಲಿನವನದು, ನಂಬರು ಎರಡನೆಯವನದು!

ದೀಪಾಲಿ ಹಣೆ ಬಡಿದುಕೊಂಡಳು. ಅವಳು ಎಂದೂ ಎರಡು ಕಿಟಕಿ ಒಟ್ಟಿಗೆ ತೆರೆದು ನೋಡಿರಲಿಲ್ಲ.

"ತಪ್ಪು ನಂದ ಮಾಮಾ. ನಂಬರು ಇಡಾಕ ಎಲ್ಲಾ ಕಿಟಕಿಗೂ ಕೂಡಿ ಒಂದ ಜಾಗಾ ಮಾಡೀನಿ. ಕಡೀಕ ತೆರೆದವರ ನಂಬರು ಹಿಂದಿನವರದನ್ನ ಅಳಿಸಿ ಕುಂದರ್ತದ. ಯಾವ ಬಟನ್ ಒತ್ತಿದ್ರೂ ಅದ ಬರ್ತದ. ಭೀಮಕ್ಕನ ಚೀಟಿಗೆ ಲಕ್ಷ್ಮಪ್ಪ ಮಾಸ್ತರರ ನಂಬರು ಬಂದದ್ದು ಹಿಂಗ."

"ಮತ್ತ ಈಗ?"

"ಪ್ರತಿ ಕಿಟಕಿ ತನ್ನ ನಂಬರು ತಾನ ಇಟ್ಕೊಳ್ಳಲಿ. ಬಟನ್ನೂ ತನ್ನ ಕಿಟಕಿಯೊಳಗಿನದ್ದಷ್ಟ ಓದಲಿ."

ಬದಲಿಸಿದ್ದು ಏಳೆಂಟು ಸಾಲು, ಅಷ್ಟೇ. ಬಳಿಕ ಐದು ಕಿಟಕಿ ಒಟ್ಟಿಗೆ ತೆರೆದು, ಹಿಂದುಮುಂದಾಗಿ ಬಟನ್ ಒತ್ತಿ ನೋಡಿದಳು. ಅವರವರ ನಂಬರು ಅವರವರಿಗೇ ಬಂತು. ಹಳೆಯ ಚೀಟಿಗಳನ್ನೆಲ್ಲ ತಾಳೆ ನೋಡಿದಾಗ ಇನ್ನಿಬ್ಬರದು ತಪ್ಪಿದ್ದು ಸಿಕ್ಕಿತು. ಆ ಇಬ್ಬರಿಗೂ ಪಾರೀಸ ಹೇಳಿಕಳಿಸಿದರು, ದೀಪಾಲಿಯನ್ನು ಬೈಯಲಿಲ್ಲ.

"ಹೊಲಿಗಿ ಬಿಚ್ಚಿ ಮತ್ತ ಹೊಲಿಯೂದಿಲ್ಲೇನು? ಹಂಗ," ಎಂದು ಚಹಾ ತರಿಸಿದರು.

ಭೀಮಕ್ಕನ ಹೊಸ ಗಾಜುಗಳನ್ನು ದೀಪಾಲಿಯೇ ಆಟೋ ನಗರದಿಂದ ಇಸಿದುಕೊಂಡು ಮುಂದಿನ ವಾರ ಖಾನಾಪುರಕ್ಕೆ ಒಯ್ದಳು. ಭೀಮಕ್ಕ ಕನ್ನಡಕ ಏರಿಸಿ ಬೀದಿ ನೋಡಿದಳು, ತನ್ನ ಕಾಲು ನೋಡಿಕೊಂಡಳು, ಆಮೇಲೆ ಇವಳ ಮುಖವನ್ನೇ ದಿಟ್ಟಿಸಿದಳು.

"ಅಯ್ಯ, ಇಷ್ಟ ಸಣ್ಣಾಕಿ ಏನ ನೀ! ನಾ ಯಾರೋ ದೊಡ್ಡ ವಯಸ್ಸಿನ ಅಕ್ಕಾರು ಅನ್ಕೊಂಡಿದ್ನಿ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕವಳು ದೀಪಾಲಿ.