ನಾಲ್ಕನೇ ಸಾಲಿನ ಹೊನ್ನವ್ವ

ಸೌಮ್ಯಶ್ರೀ ನಾಲ್ಕು ವರ್ಷ ಒಂದೇ ಕೆಲಸ ಮಾಡಿದ್ದಳು. ಎಲ್ಲೋ ಕೋಟ್ಯಂತರ ಜ್ಯೋತಿರ್ವರ್ಷಗಳಾಚೆ ಎರಡು ಕಪ್ಪುಕುಳಿಗಳು ಒಂದನ್ನೊಂದು ನುಂಗಿದಾಗ ಏಳುವ ಗುರುತ್ವದ ಅಲೆ, ಭೂಮಿಗೆ ಬಂದು ಮುಟ್ಟುವ ಹೊತ್ತಿಗೆ ಅಣುವಿಗಿಂತ ಸಣ್ಣ ಅದುರಾಗಿರುತ್ತದೆ. ಅದನ್ನು ಹಿಡಿಯಲು ಕಟ್ಟಿದ ಯಂತ್ರಕ್ಕೆ ದೂರದ ಲಾರಿಯೂ ಕೇಳಿಸುತ್ತದೆ, ಬೀಸುವ ಗಾಳಿಯೂ ಕೇಳಿಸುತ್ತದೆ. ಯಾವ ಅದುರು ಆಕಾಶದ್ದು, ಯಾವುದು ನೆಲದ್ದು ಎಂದು ಬೇರ್ಪಡಿಸುವುದನ್ನು ಕಂಪ್ಯೂಟರಿಗೆ ಕಲಿಸುವುದೇ ಅವಳ ಸಂಶೋಧನೆ.

ಐದನೇ ವರ್ಷಕ್ಕೆ ಕಾಲಿಟ್ಟಾಗ, ಅವಳು ಬರೆಯುತ್ತಿದ್ದ ಪ್ರಬಂಧದ್ದೇ ವಿಧಾನವನ್ನು ಹೊರದೇಶದ ಒಂದು ತಂಡ ಪ್ರಕಟಿಸಿಬಿಟ್ಟಿತು. ಅವಳದಕ್ಕಿಂತ ಚೆನ್ನಾಗಿಯೇ ಇತ್ತು. ಗೈಡ್ ಮುರಳೀಕೃಷ್ಣ ಅವರು ಅವಳನ್ನು ಕರೆದು ಕೂರಿಸಿದರು.

"ಇನ್ನೊಂದು ಪ್ರಾಬ್ಲಮ್ ತಗೋ ಅಂತ ಹೇಳ್ಬಹುದು. ಆದ್ರೆ ಮಾರ್ಚ್‌ಗೆ ನಾನು ರಿಟೈರ್ ಆಗ್ತೀನಿ, ನಿನ್ನ ಫೆಲೋಶಿಪ್ಪೂ ಮುಗಿಯುತ್ತೆ. ಸುಳ್ಳು ಆಸೆ ಹುಟ್ಟಿಸೋಕೆ ಮನಸ್ಸಿಲ್ಲಮ್ಮ."

ಅವಳು "ಸರಿ ಸಾರ್" ಎಂದಷ್ಟೇ ಹೇಳಿ ಬಂದಳು. ಬಸವೇಶ್ವರನಗರದ ಮನೆಯಲ್ಲಿ ತಾಯಿ ನೀಲಗಂಗಮ್ಮ ಏನೂ ಕೇಳದೆ ಊಟ ಬಡಿಸಿದರು. ಮೂರು ವಾರ ಸೌಮ್ಯಶ್ರೀ ಲ್ಯಾಪ್‌ಟಾಪಿನ ಮುಚ್ಚಳ ತೆರೆಯಲಿಲ್ಲ.

ಎಂಎಸ್ಸಿಯಲ್ಲಿ ಅವಳಿಗಿಂತ ಒಂದು ವರ್ಷ ಮುಂದಿದ್ದ ಚನ್ನವೀರೇಶ್ ಫೋನ್ ಮಾಡಿದ್ದು ಆಗ. ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದಲ್ಲಿ, ಲೇತ್ ಶೆಡ್ಡೊಂದರ ಮಾಳಿಗೆ ಮೇಲೆ, ಒಂಬತ್ತು ಜನರ ಒಂದು ಕಂಪನಿ ನಡೆಸುತ್ತಿದ್ದ. ಹೊಲಿಗೆ ಮಿಷಿನ್ನುಗಳಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿ ಅಂಟಿಸಿ, ಅವು ಅದುರುವ ರೀತಿಯಿಂದಲೇ ಯಾವುದು ಕೆಡಲಿದೆ ಎಂದು ಮೊದಲೇ ಹೇಳುವುದು ಅವನ ವ್ಯಾಪಾರ.

"ನಿನ್ನ ಕೆಲಸಾನೇ ಕಣೇ ಇದು. ಆಕಾಶದ ಬದಲು ಗಾರ್ಮೆಂಟ್ಸು, ಅಷ್ಟೆ," ಎಂದ.

ಮಾತು ಚುಚ್ಚಿದರೂ ಸುಳ್ಳಾಗಿರಲಿಲ್ಲ. ಕೆಲಸಕ್ಕೆ ಸೇರಿಕೊಂಡಳು. ದೀಪಾಂಜಲಿ ನಗರದ ಹತ್ತಿರದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಡಬ್ಬಿಗಳನ್ನು ಕೂರಿಸಲು ಸೌಮ್ಯಶ್ರೀಯೇ ಒಂದು ವಾರ ಹೋದಳು. ನಾಲ್ಕನೇ ಸಾಲಿನ ಕೊನೆಯಲ್ಲಿ ಅವಳಿಗೆ ಹೊನ್ನವ್ವನ ಪರಿಚಯವಾಯಿತು. ಬಾಗಲಕೋಟೆ ಕಡೆಯವಳು, ಐವತ್ತರ ಹತ್ತಿರ, ಇಪ್ಪತ್ತೆರಡು ವರ್ಷದಿಂದ ಅದೇ ಕಾರ್ಖಾನೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ತನ್ನ ಬುತ್ತಿಯಿಂದ ಅರ್ಧ ರೊಟ್ಟಿ ಮುರಿದು ಕೊಟ್ಟು, "ನೀವು ಏನ್ ಕಲ್ತೀರಿ ಮೇಡಂ?" ಎಂದು ಕೇಳಿದಳು.

ಸೌಮ್ಯಶ್ರೀ ತಿಳಿಯುವ ಹಾಗೆ ಹೇಳಿದಳು. ಹೊನ್ನವ್ವ ಅಗಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು.

"ಅಲ್ರೀ, ಅದು ಅಷ್ಟು ದೂರದಿಂದ ಬಂದದ್ದು ಅಂತ ಹೆಂಗ ಗೊತ್ತಾಗತೈತಿ? ಇಲ್ಲೇ ಲಾರಿ ಹೋದ್ರೂ ಅದರತೈತಲ್ಲ?"

ಇದೇ ಪ್ರಶ್ನೆಯನ್ನು ಸೌಮ್ಯಶ್ರೀಯ ನೆಂಟರಿಷ್ಟರಲ್ಲಿ ಒಬ್ಬರೂ ನಾಲ್ಕು ವರ್ಷದಲ್ಲಿ ಕೇಳಿರಲಿಲ್ಲ. ಆ ದಿನ ಅವಳು ಬಹಳ ಹೊತ್ತು ಮಾತಾಡಿದಳು. ಗಂಟೆ ಹೊಡೆದ ಮೇಲೂ ಒಂದು ವಾಕ್ಯ ಉಳಿದಿತ್ತು.

ಮೊದಲ ತಿಂಗಳು ಒಳ್ಳೆಯದಾಯಿತು. ಮೂರು ಮೋಟರುಗಳು ಕೆಡುತ್ತವೆಂದು ಅವಳು ಮೊದಲೇ ಹೇಳಿದಳು, ಬಿಚ್ಚಿ ನೋಡಿದರೆ ಮೂರರ ಬೇರಿಂಗೂ ಸವೆದಿತ್ತು. ಬಹಳ ದಿನಗಳ ಮೇಲೆ ಅವಳಿಗೆ ಬೆಳಿಗ್ಗೆ ಏಳಬೇಕೆನಿಸಿತು. ಎರಡನೇ ತಿಂಗಳು ಕಾರ್ಖಾನೆಯವರು ಇನ್ನೊಂದು ಕೇಳಿದರು. ಯಾವ ಮಿಷಿನ್ ದಿನಕ್ಕೆ ಎಷ್ಟು ಹೊತ್ತು ಓಡುತ್ತದೆ, ಎಷ್ಟು ಹೊತ್ತು ಸುಮ್ಮನಿರುತ್ತದೆ ಎಂದು ತೋರಿಸಬಹುದೇ? ಸುಲಭದ ಕೆಲಸ. ಎರಡು ದಿನದಲ್ಲಿ ಮುಗಿಸಿದಳು. ಯಾಕೆ ಕೇಳುತ್ತಿದ್ದಾರೆ ಎಂದು ಚನ್ನವೀರೇಶನೂ ಯೋಚಿಸಲಿಲ್ಲ, ಅವಳೂ ಯೋಚಿಸಲಿಲ್ಲ.

ಆರು ವಾರಗಳ ನಂತರ, ಕೆಟ್ಟ ಡಬ್ಬಿಯೊಂದನ್ನು ಬದಲಿಸಲು ಹೋದಾಗ, ನಾಲ್ಕನೇ ಸಾಲಿನ ಕೊನೆಯಲ್ಲಿ ಬೇರೆ ಹುಡುಗಿ ಕೂತಿದ್ದಳು.

"ಹೊನ್ನವ್ವಕ್ಕನ್ನ ತೆಗೆದುಬಿಟ್ರು ಮೇಡಂ. ಹನ್ನೊಂದು ಜನಾನ. ಸುಮ್ನೆ ಕೂತಿರ್ತಾರೆ ಅಂತ ರಿಪೋರ್ಟ್ ಬಂತಂತೆ."

ಸೌಮ್ಯಶ್ರೀ ಡಬ್ಬಿ ಬದಲಿಸಿದಳು. ಆಫೀಸಿಗೆ ಬಂದವಳೇ ಹೊನ್ನವ್ವನ ಮಿಷಿನ್ನಿನ ಹಳೆಯ ದಾಖಲೆಗಳನ್ನು ತೆಗೆದು, ಸೆಕೆಂಡು ಸೆಕೆಂಡಾಗಿ ನೋಡುತ್ತ ಕೂತಳು. ಅವಳ ಪ್ರೋಗ್ರಾಮ್ 'ಸುಮ್ಮನಿದೆ' ಎಂದು ಗುರುತಿಸಿದ್ದ ಕಡೆಯಲ್ಲೆಲ್ಲ ಒಂದು ತೀರಾ ಸಣ್ಣ ಅದುರು ಇತ್ತು. ನಿಧಾನ, ಬಿಟ್ಟುಬಿಟ್ಟು, ಆದರೆ ಲೆಕ್ಕ ತಪ್ಪದ್ದು. ಅದೇನೆಂದು ಕಾರ್ಖಾನೆಯ ಮೆಕ್ಯಾನಿಕ್ ತಮ್ಮಣ್ಣನಿಗೆ ಫೋನ್ ಮಾಡಿ ಕೇಳಿದಳು.

"ಅದಾ? ಕಾಲರ್ ಮೂಲೆ ಮೇಡಂ. ಅಲ್ಲಿ ಮೋಟರ್ ಓಡ್ಸಿದ್ರೆ ಬಟ್ಟೆ ಹಾಳಾಗುತ್ತೆ. ಹೊನ್ನವ್ವಕ್ಕ ಪೆಡಲ್ ಬಿಟ್ಟು, ಕೈಯಲ್ಲೇ ಚಕ್ರ ತಿರುಗಿಸಿ ಒಂದೊಂದೇ ಹೊಲಿಗೆ ಹಾಕೋರು. ಕಷ್ಟದ ಪೀಸೆಲ್ಲ ಅವ್ರಿಗೇ ಕೊಡ್ತಿದ್ರಲ್ಲ."

ಸೌಮ್ಯಶ್ರೀ ಫೋನ್ ಇಟ್ಟಳು. ಕೆಳಗೆ ಲೇತ್ ಓಡುತ್ತಿತ್ತು, ಮೇಜು ಸಣ್ಣಗೆ ನಡುಗುತ್ತಿತ್ತು. ಕೈಯಿಂದ ತಿರುಗಿಸಿದ ಚಕ್ರದ ಅದುರನ್ನು ಗದ್ದಲವೆಂದು ತೆಗೆದುಹಾಕುವ ಕೋಡಿನ ಸಾಲನ್ನು ಯಾರು ಬರೆದದ್ದೆಂದು ಅವಳು ಹುಡುಕಬೇಕಾಗಿರಲಿಲ್ಲ. ಸಂಶೋಧನೆಯ ಕಾಲದ ತನ್ನ ಕೋಡಿನಿಂದ ಹಾಗೇ ಎತ್ತಿ ಇಲ್ಲಿಗೆ ಹಾಕಿದ್ದಳು.

ಚನ್ನವೀರೇಶ್ ಪೂರ್ತಿ ಕೇಳಿ ಮುಖ ಉಜ್ಜಿಕೊಂಡ. "ತೆಗೆದಿದ್ದು ಅವರು ಕಣೇ, ನಾವಲ್ಲ. ನಾವು ನಂಬರ್ ಕೊಟ್ವಿ."

"ತಪ್ಪು ನಂಬರ್ ಕೊಟ್ವಿ."

"ಸರಿ. ತಿದ್ದು. ತಿದ್ದಿದ ರಿಪೋರ್ಟ್ ಇವತ್ತೇ ಕಳಿಸೋಣ. ಅದಕ್ಕಿಂತ ಹೆಚ್ಚು ನನ್ನ ಕೈಲಿ ಏನಿದೆ ಹೇಳು."

ತಿದ್ದಿದಳು. ಹನ್ನೊಂದರಲ್ಲಿ ಏಳು ಹೆಸರು ಸುಮ್ಮನೆ ಕೂತವರ ಪಟ್ಟಿಯಿಂದ ಬಿದ್ದುಹೋದವು. ಹೊನ್ನವ್ವನ ಮಿಷಿನ್ ಇಡೀ ಸಾಲಿನಲ್ಲೇ ಅತಿ ಕಡಿಮೆ ಹೊತ್ತು ಸುಮ್ಮನಿದ್ದ ಮಿಷಿನ್. ಕಾರ್ಖಾನೆಯವರು ಏಳು ಜನರಿಗೂ ಮತ್ತೆ ಬರಲು ಹೇಳಿಕಳಿಸಿದರು. ನಾಲ್ಕು ಜನ ಬಂದರು. ಹೊನ್ನವ್ವ ಬರಲಿಲ್ಲ.

ತಮ್ಮಣ್ಣ ಕೊಟ್ಟ ವಿಳಾಸ ಹಿಡಿದು ಒಂದು ಭಾನುವಾರ ಸೌಮ್ಯಶ್ರೀ ಸುಂಕದಕಟ್ಟೆಗೆ ಹೋದಳು. ಎರಡನೇ ಮಹಡಿಯ ಒಂಟಿ ಕೋಣೆ. ಹೊನ್ನವ್ವ ಬಾಗಿಲ ಬೆಳಕಿಗೆ ಕೂತು ಯಾರದೋ ಸೀರೆಗೆ ಫಾಲ್ ಹಚ್ಚುತ್ತಿದ್ದಳು. ನೋಡಿ ನಕ್ಕಳು, "ಬರ್ರಿ ಮೇಡಂ" ಎಂದು ಚಾಪೆ ಹಾಸಿದಳು. ಆ ನಗುವನ್ನು ನೋಡುವುದೇ ಕಷ್ಟವಾಯಿತು. ಸೌಮ್ಯಶ್ರೀ ಕೂರುವ ಮೊದಲೇ ಹೇಳಿಬಿಟ್ಟಳು. ಆ ರಿಪೋರ್ಟ್ ಕಾರ್ಖಾನೆಯದ್ದಲ್ಲ, ಡಬ್ಬಿಯದ್ದೂ ಅಲ್ಲ, ತಾನು ಬರೆದದ್ದು.

ಸೂಜಿ ನಿಂತಿತು.

"ನೀವ ಮಾಡಿದ್ದೇನ್ರಿ ಅದು?"

"ಹೌದು. ಕೈಯಲ್ಲಿ ಚಕ್ರ ತಿರುಗಿಸ್ತೀರ ಅಂತ ನನಗೆ ಗೊತ್ತಿರ್ಲಿಲ್ಲ."

"ನನ್ನ ಬಾಜೂಕ್ಕ ಒಂದು ತಾಸು ಕುಂತಿದ್ರಲ್ಲ. ಕೇಳಿದ್ರ ಹೇಳತಿದ್ನೆಲ್ರೀ."

ಸೌಮ್ಯಶ್ರೀಗೆ ಆ ಮಧ್ಯಾಹ್ನ ನೆನಪಾಯಿತು. ಆಕಾಶದ ಬಗ್ಗೆ ಅಷ್ಟೆಲ್ಲ ಹೇಳಿದ್ದಳು. ಹೊನ್ನವ್ವನ ಕೆಲಸದ ಬಗ್ಗೆ ಒಂದು ಮಾತನ್ನೂ ಕೇಳಿರಲಿಲ್ಲ.

"ವಾಪಸ್ ಕರೆದಿದ್ದಾರಲ್ಲ, ಯಾಕೆ ಹೋಗ್ಲಿಲ್ಲ?"

ಹೊನ್ನವ್ವ ಸೀರೆಯನ್ನು ಮಡಿಲಲ್ಲಿ ಸರಿಮಾಡಿಕೊಂಡಳು. "ಕೆಲಸ ಹೋದ್ರ ಹೋಗ್ಲಿ ಬಿಡ್ರಿ, ಬ್ಯಾರೇ ಸಿಗತೈತಿ. ನಾಕನೇ ಲೈನಿನ ಮುಂದ ನಿಂದರಿಸಿ, ಈಕಿ ದಿನಾ ಎರಡು ತಾಸು ಸುಮ್ನ ಕುಂದರತಾಳ ಅಂದ್ರು. ನಾ ಕಲಿಸಿದ ಹುಡುಗ್ಯಾರು ಎಲ್ಲಾರೂ ಕೇಳಿದ್ರು. ವಾಪಸ್ ಕರಿಯೂ ಮುಂದ ಮಾತ್ರ ಗುಟ್ಟಾಗಿ ಫೋನ್ ಮಾಡ್ತಾರ."

"ನಾನು ಹೇಳ್ತೀನಿ ಅವರಿಗೆಲ್ಲ."

"ಹೇಳ್ರಿ," ಎಂದಳು ಹೊನ್ನವ್ವ. ಕ್ಷಮಿಸಿದೆ ಎನ್ನಲಿಲ್ಲ. ಮೆಟ್ಟಿಲವರೆಗೆ ಬಂದು ಕಳಿಸಲೂ ಇಲ್ಲ.

ಸೋಮವಾರ ಸಂಜೆ ಕಾರ್ಖಾನೆ ಬಿಡುವ ಹೊತ್ತಿಗೆ ಸೌಮ್ಯಶ್ರೀ ಗೇಟಿನ ಹೊರಗೆ ನಿಂತಳು. ಮೈಸೂರು ರಸ್ತೆಯ ಗದ್ದಲದಲ್ಲಿ ಅವಳ ದನಿ ಹತ್ತು ಅಡಿ ದಾಟಲಿಲ್ಲ. ನಾಲ್ಕನೇ ಸಾಲಿನವರನ್ನು ಗುರುತು ಹಿಡಿದು ತಡೆದು ನಿಲ್ಲಿಸಿ ಹೇಳಿದಳು. ಹೊನ್ನವ್ವಕ್ಕ ಸುಮ್ಮನೆ ಕೂತಿರಲಿಲ್ಲ, ತಪ್ಪು ನನ್ನದು. ಕೆಲವರು ಬಸ್ಸಿನ ಅವಸರದಲ್ಲಿ ನಿಲ್ಲಲಿಲ್ಲ. ಏಳೆಂಟು ಜನ ನಿಂತು ಕೇಳಿದರು. ಹೊನ್ನವ್ವನ ಜಾಗದಲ್ಲಿ ಕೂರುತ್ತಿದ್ದ ಹುಡುಗಿ, ಹೆಸರು ಚೇತನಾ, ಕೊನೆಯವರೆಗೂ ನಿಂತಿದ್ದಳು.

"ನಮಗೆ ಮೊದಲೇ ಗೊತ್ತಿತ್ತು ಮೇಡಂ, ಅಕ್ಕ ಸುಮ್ನೆ ಕೂರೋರಲ್ಲ ಅಂತ. ಹಾಗಾದ್ರೆ ಡಬ್ಬಿ ತೆಗೆದುಬಿಡ್ತೀರಾ?"

ತಿದ್ದಿದ ಮೇಲೆ ಡಬ್ಬಿ ಇನ್ನಷ್ಟು ಚೆನ್ನಾಗಿ ಲೆಕ್ಕ ಹಿಡಿಯುತ್ತಿದೆ ಎಂದು ಮೆಚ್ಚಿ, ಕೆಂಗೇರಿಯ ಎರಡನೇ ಘಟಕಕ್ಕೂ ಬೇಕೆಂದು ಕಾರ್ಖಾನೆಯವರು ಆ ಬೆಳಿಗ್ಗೆಯಷ್ಟೇ ಬರೆದಿದ್ದರು.

"ಇಲ್ಲ," ಎಂದಳು ಸೌಮ್ಯಶ್ರೀ.

ಚೇತನಾ ತಲೆಯಾಡಿಸಿ, ದುಪಟ್ಟಾ ಬಿಗಿದುಕೊಂಡು, ಬಸ್ಸಿನ ಕಡೆ ಓಡಿದಳು.

ಗೇಟಿನ ಸುದ್ದಿ ಮರುದಿನವೇ ಚನ್ನವೀರೇಶನಿಗೆ ತಲುಪಿತು. ಬೈದ, ಆಮೇಲೆ ತಾನೇ ಸುಮ್ಮನಾದ. ಸೌಮ್ಯಶ್ರೀ ರಾಜೀನಾಮೆಯನ್ನು ಎರಡು ಸಲ ಬರೆದಳು, ಎರಡು ಸಲವೂ ಕಳಿಸಲಿಲ್ಲ. ತಾನು ಬಿಟ್ಟರೆ ಈ ಕೆಲಸಕ್ಕೆ ಬರುವವರು ಚಕ್ರದ ವಿಷಯ ತಿಳಿಯದವರಾಗಿರುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡಳು. ಅದು ನಿಜವೋ ನೆಪವೋ ಅವಳಿಗೇ ಸ್ಪಷ್ಟವಿರಲಿಲ್ಲ. ಜುಲೈ ತಿಂಗಳ ಒಂದು ಮೋಡದ ಬೆಳಿಗ್ಗೆ, ಡಬ್ಬಿಗಳ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಕೆಂಗೇರಿಯ ಮೆಟ್ರೋ ಹತ್ತಿದಳು.