ಡಬ್ಬಿ ಮಾಮನ ಅಳತೆ

ಹೆಣ ಇಡಲು ತಂದ ಫ್ರೀಜರ್ ಪೆಟ್ಟಿಗೆಯ ಸ್ವಿಚ್ ಒತ್ತಿದ್ದೇ ತಡ, ಮನೆಯ ಕರೆಂಟು ಹೋಯಿತು. ನಡುಮನೆಯ ಫ್ಯಾನು ಸುಮ್ಮನೆ ಎರಡು ಸುತ್ತು ಬಂದು ನಿಂತಿತು. ಅದರ ಜೊತೆಗೇ ಅಳುವವರ ಅಳುವೂ ಒಂದು ಗಳಿಗೆ ನಿಂತಿತು. ಆಗ ಬಾಗಿಲು ಓರೆ ಮಾಡಿದ್ದ ಪಕ್ಕದ ಕೋಣೆಯಿಂದ ಏನೋ ಕೂಗತೊಡಗಿತು. ಬೀಪ್. ಸ್ವಲ್ಪ ತಡೆದು ಮತ್ತೆ ಬೀಪ್.

ಗಂಡನ ತಲೆಯ ಬಳಿ ಕುಳಿತಿದ್ದ ಹೆಂಡತಿ ದಡಕ್ಕನೆ ಎದ್ದಳು. ಬೆಳಗಿನಿಂದ ಕೂತಲ್ಲಿಂದ ಅಲುಗಾಡದವಳು, ಒಂದು ಗುಟುಕು ನೀರನ್ನೂ ಬೇಡವೆಂದವಳು, ಈಗ ಕೂತವರ ಕಾಲುಗಳನ್ನು ದಾಟಿಕೊಂಡು ಕೋಣೆಗೆ ಓಡಿದ್ದನ್ನು ಕಂಡು ಬಂದವರೆಲ್ಲ ಮುಖ ಮುಖ ನೋಡಿಕೊಂಡರು.

“ಆ ಪೆಟ್ಟಿಗೆ ಪ್ಲಗ್ ಕೀಳಿ,” ಒಳಗಿನಿಂದ ಅವಳ ದನಿ ಬಂತು. “ಮೊದಲು ಫ್ಯೂಸ್ ಹಾಕಿ. ಈ ಯುಪಿಎಸ್ಸು ಹೆಚ್ಚು ಹೊತ್ತು ತಡೆಯಲ್ಲ.”

ಪೆಟ್ಟಿಗೆ ತಂದಿದ್ದ ಡ್ರೈವರ್ ಪ್ಲಗ್ ಕಿತ್ತ. ಮೈದುನ ಫ್ಯೂಸಿಗೆ ಹೊಸ ತಂತಿ ಸುತ್ತಿದ. ಕರೆಂಟು ಬಂತು, ಯುಪಿಎಸ್ಸಿನ ಕೂಗು ನಿಂತಿತು. ಅದರಡಿ ಮುಚ್ಚಿಹೋಗಿದ್ದ ಇನ್ನೊಂದು ಸದ್ದು ಮಾತ್ರ ನಿಲ್ಲಲಿಲ್ಲ. ಮೇಜಿನ ಮೇಲೆ, ಹೊಟ್ಟೆ ಬಿಚ್ಚಿಟ್ಟ ಕಂಪ್ಯೂಟರಿನ ಪಕ್ಕದಲ್ಲಿ, ಹಳೆಯ ಹಾರ್ಡ್ ಡಿಸ್ಕೊಂದು ಕಿರ್ರೆನ್ನುತ್ತ ತಿರುಗುತ್ತಿತ್ತು. ನಡುನಡುವೆ ಟಕ್ ಟಕ್ ಎಂದು ಎಡವುತ್ತಿತ್ತು. ಕೆಲಸ ಎಷ್ಟಾಯಿತೆಂದು ತೋರಿಸುವ ಪರದೆಯ ಮೇಲಿನ ಹಸಿರು ಪಟ್ಟಿ ಮುಕ್ಕಾಲು ದಾಟಿತ್ತು.

ಮೈದುನ ಬಾಗಿಲಲ್ಲಿ ಬಂದು ನಿಂತ. ಮದುವೆಯಾಗಲಿ ಸಾವಾಗಲಿ, ಆ ಕುಟುಂಬದಲ್ಲಿ ಓಡಾಟವೆಲ್ಲ ಅವನದೇ. ಒಳ್ಳೆಯವನೇ, ಆದರೆ ಅವಸರದ ಮನುಷ್ಯ.

“ಅತ್ತಿಗೆ, ಇದನ್ನ ಆಫ್ ಮಾಡ್ತೀನಿ. ಮನೇಲಿರೋ ದೊಡ್ಡ ಪ್ಲಗ್ಗು ಇದೊಂದೇ. ಈ ಹಳೇ ವೈರಿಂಗು ಎರಡನ್ನೂ ಒಟ್ಟಿಗೆ ಎಳೆಯಲ್ಲ ಅಂತಿದ್ದಾನೆ ಡ್ರೈವರ್.”

“ಬೇಡ.”

“ಮಗಳು ಬರೋದು ಸಂಜೆ. ಅಲ್ಲೀವರೆಗೂ ಅಣ್ಣನ್ನ ಹೀಗೇ ಇಡೋಕಾಗುತ್ತಾ? ಹೊರಗೆ ಬಿಸಿಲು ನೋಡಿ.”

“ಇದನ್ನ ಆಫ್ ಮಾಡೋ ಹಾಗಿಲ್ಲ,” ಎಂದಳು ಅವಳು. “ಈ ಡಿಸ್ಕು ಒಂದು ಸಲ ನಿಂತರೆ ಮತ್ತೆ ತಿರುಗಲ್ಲ.”

ಪಕ್ಕದ ಮನೆಯಿಂದ ವೈರ್ ಎಳೆಯುವ ಮಾತೂ ಬಂತು. ಡ್ರೈವರ್ ಸುತರಾಂ ಒಪ್ಪಲಿಲ್ಲ. ಹಿಂದೊಮ್ಮೆ ಯಾರದೋ ಮನೆಯಲ್ಲಿ ಹಾಗೆ ಮಾಡಿ, ವೈರು ಹೊತ್ತಿಕೊಂಡು, ಹೆಣದ ಜೊತೆ ಪೆಟ್ಟಿಗೆಯೂ ಸುಡುವುದರಲ್ಲಿತ್ತಂತೆ. ಹಾಗಾಗಿ ಉಳಿದದ್ದು ಎರಡೇ. ಗಂಡನನ್ನು ತಣ್ಣಗಿಡಬೇಕು, ಇಲ್ಲವೇ ಆ ಡಿಸ್ಕನ್ನು ತಿರುಗಲು ಬಿಡಬೇಕು.

*

ತೀರಿಕೊಂಡವನನ್ನು ಬೀದಿಯವರೆಲ್ಲ ಡಬ್ಬಿ ಮಾಮ ಎನ್ನುತ್ತಿದ್ದರು. ಕಂಪ್ಯೂಟರನ್ನು ಆತ ಒಂದು ದಿನವೂ ಕಂಪ್ಯೂಟರ್ ಎಂದು ಕರೆದವನಲ್ಲ. “ಡಬ್ಬಿಗೆ ಏನಾಯ್ತು?” ಎಂದೇ ಕೇಳುತ್ತಿದ್ದ, ಮಗುವಿನ ಜ್ವರ ವಿಚಾರಿಸುವ ಡಾಕ್ಟರರ ಹಾಗೆ. ಮನೆಮನೆಗೆ ಹೋಗಿ ಕೆಟ್ಟ ಡಬ್ಬಿಗಳನ್ನು ಸರಿಮಾಡುವುದು, ತೆವಳುವ ಡಬ್ಬಿಗಳಿಗೆ ಹೊಸ ಮೆಮೊರಿ ಹಾಕಿ ಓಡಿಸುವುದು ಆತನ ಕಸುಬು. ಹೊಸದು ಕೊಳ್ಳುತ್ತೇವೆ ಎಂದವರಿಗೆಲ್ಲ ಅಡ್ಡಗಾಲು ಹಾಕುತ್ತಿದ್ದ. ಇನ್ನೂ ಗಟ್ಟಿಮುಟ್ಟಾಗಿದೆಯಲ್ಲ, ಫ್ಯಾನಿನ ಧೂಳು ತೆಗೆದು ಇನ್ನೊಂದು ಮೆಮೊರಿ ಸಿಕ್ಕಿಸೋಣ ಅನ್ನುತ್ತಿದ್ದ. ಕಂಪ್ಯೂಟರ್ ಅಂಗಡಿಯವರು ಈ ಮನುಷ್ಯನನ್ನು ಕಂಡರೆ ಉರಿದುಬೀಳುತ್ತಿದ್ದರು.

ಡಬ್ಬಿ ಬಿಚ್ಚುವ ಮುನ್ನ ಆತ ಕಿಟಕಿಯ ಕಬ್ಬಿಣದ ಸರಳನ್ನು ಮುಟ್ಟುತ್ತಿದ್ದ. ಮೈಯಲ್ಲಿ ಸೇರಿದ ಕರೆಂಟು ಡಬ್ಬಿಗೆ ಹೊಡೆಯದಿರಲಿ ಎಂದು. ಆಮೇಲೆ ಮೆಮೊರಿಯ ಪಟ್ಟಿಯನ್ನು ಕಿತ್ತು, ಅದರ ಚಿನ್ನದ ಬಣ್ಣದ ಅಂಚನ್ನು ಶಾಲೆಯ ಮಕ್ಕಳು ಬಳಸುವ ರಬ್ಬರಿನಿಂದ ಉಜ್ಜುತ್ತಿದ್ದ. ಡಬ್ಬಿಗಳ ಅರ್ಧ ಕಾಯಿಲೆ ಅಷ್ಟಕ್ಕೇ ವಾಸಿಯಾಗುತ್ತಿತ್ತು. ಇವತ್ತು ಬೆಳಿಗ್ಗೆ ಬಟ್ಟೆ ಬದಲಿಸುವಾಗಲೂ ಆತನ ಜೇಬಿನಲ್ಲಿ ಒಂದು ತುಂಡು ರಬ್ಬರು ಸಿಕ್ಕಿತ್ತು. ಹೆಂಡತಿ ಅದನ್ನು ಯಾರಿಗೂ ತೋರಿಸದೆ ಹೊಸ ಅಂಗಿಯ ಜೇಬಿಗೆ ಹಾಕಿದಳು.

ಅವಳಿಗೂ ಡಬ್ಬಿಗಳಿಗೂ ಮೊದಲಿನಿಂದ ಎಣ್ಣೆ ಸೀಗೆಕಾಯಿ. ಊಟಕ್ಕೆ ಕರೆದರೆ “ಬಂದೆ” ಅನ್ನುವವನು ಅನ್ನ ಆರಿ ತಣ್ಣಗಾದರೂ ಬರುತ್ತಿರಲಿಲ್ಲ. ಮಂಚದ ಕೆಳಗೆ, ಬೀರುವಿನ ಮೇಲೆ, ಅಡುಗೆಮನೆಯ ಡಬ್ಬಗಳ ಹಿಂದೆ, ಎಲ್ಲಿ ಕೈಯಿಟ್ಟರೂ ಸ್ಕ್ರೂ. ನಿನ್ನ ಸವತಿಯರು ಹೇಗಿದ್ದಾರೆ ಎಂದು ನೆರೆಯವರು ಕೀಟಲೆ ಮಾಡುತ್ತಿದ್ದರು. ಅವಳು ನಗುತ್ತಿದ್ದಳು. ಆದರೆ ನಿಜಕ್ಕೂ ಹೊಟ್ಟೆ ಉರಿಯುತ್ತಿತ್ತು.

*

ಬೀದಿಯ ಕೊನೆಯಲ್ಲಿ ಒಬ್ಬಳು ದರ್ಜಿ ಹೆಂಗಸು ಇದ್ದಳು. ಕೈ ಕತ್ತರಿಯಷ್ಟೇ ಚುರುಕು, ಅಕ್ಷರ ಮಾತ್ರ ಒಂದೂ ಬಾರದು. ಅವಳಿಗೊಬ್ಬಳು ಮಗಳು, ಬಾಯಿ ಪಟಪಟ ಅನ್ನುವ ಹುಡುಗಿ. ಅವರಿವರ ಮನೆಯಲ್ಲಿ ಬೇಡವಾಗಿ ಉಳಿದ ಭಾಗಗಳನ್ನೆಲ್ಲ ಕೂಡಿಸಿ ಡಬ್ಬಿ ಮಾಮ ಆ ಹುಡುಗಿಗೆ ಒಂದು ಕಂಪ್ಯೂಟರ್ ಕಟ್ಟಿಕೊಟ್ಟ. ಅದರಲ್ಲಿ ದನಿ ಹಿಡಿದಿಡಬಹುದು ಎಂದು ಗೊತ್ತಾದದ್ದೇ ಹುಡುಗಿ ಒಂದು ಉಪಾಯ ಹೂಡಿದಳು. ಬಂದ ಗಿರಾಕಿಗಳನ್ನೆಲ್ಲ ತಾನೇ ಟೇಪು ಹಿಡಿದು ಅಳೆದು, ಅಳತೆಯನ್ನು ಗಟ್ಟಿಯಾಗಿ ಹೇಳಿ ಕಂಪ್ಯೂಟರಿನಲ್ಲಿ ಇಟ್ಟಳು. ತಾಯಿ ಅದನ್ನು ಕೇಳುತ್ತ ಬಟ್ಟೆ ಕತ್ತರಿಸುವಳು. ಮೊಟ್ಟಮೊದಲ ಗಿರಾಕಿ ಡಬ್ಬಿ ಮಾಮನೇ. ಆವತ್ತು ಎರಡು ಕೈ ಚಾಚಿ ನಿಂತದ್ದನ್ನು ಮನೆಗೆ ಬಂದು ಹೆಂಡತಿಯ ಮುಂದೆ ಅಭಿನಯಿಸಿ ತೋರಿಸಿದ್ದ.

ಮರುವರ್ಷ ಹುಡುಗಿ ಜ್ವರದಲ್ಲಿ ಹೋದಳು.

ತಾಯಿ ಹೊಲಿಗೆ ನಿಲ್ಲಿಸಲಿಲ್ಲ. ಯಾರು ಬಂದರೂ ಹೊಸದಾಗಿ ಅಳೆಯುತ್ತಿರಲಿಲ್ಲ, ಅಷ್ಟೇ. ನಿಮ್ಮ ಅಳತೆ ಇದೆಯಲ್ಲ ಅನ್ನುವಳು. ಯಾರದು ಎಷ್ಟನೆಯದೆಂದು ನೆನಪಿಟ್ಟುಕೊಂಡಿದ್ದ ಮಗಳ ದನಿ ಹಾಕಿಕೊಂಡು ಆ ಲೆಕ್ಕಕ್ಕೇ ಕತ್ತರಿಸುವಳು. ಬೊಜ್ಜು ಬಂದವರಿಗೆ ಅಂಗಿ ಬಿಗಿಯಾಯಿತು. ಬೆಳೆದ ಮಕ್ಕಳಿಗೆ ಯೂನಿಫಾರಂ ಮೊಣಕಾಲು ದಾಟಲಿಲ್ಲ. ಕೆಲವರು ಜಗಳವಾಡಿ ಬಿಟ್ಟುಹೋದರು. ಕೆಲವರು ಮಾತ್ರ ಸುಮ್ಮನೆ ತಗೊಂಡು ಹೋಗಿ ಬೇರೆ ಕಡೆ ಬಿಚ್ಚಿ ಹೊಲಿಸಿಕೊಂಡರು. ಹೀಗಿರುವಾಗ ಒಂದು ದಿನ ಮಗಳ ದನಿಯಿದ್ದ ಆ ಕಂಪ್ಯೂಟರಿನ ಡಿಸ್ಕು ತಿರುಗುವುದನ್ನು ನಿಲ್ಲಿಸಿತು.

“ನಾನೇ ಹಾಕಿದ ಹಳೇ ಡಿಸ್ಕು ಅದು,” ಎಂದು ಡಬ್ಬಿ ಮಾಮ ಹೆಂಡತಿಗೆ ಹೇಳಿದ್ದ. ಎಲ್ಲರಿಗೂ ಡಬ್ಬಿಯಲ್ಲಿರುವುದನ್ನು ಎರಡೆರಡು ಕಡೆ ಇಟ್ಟುಕೊಳ್ಳಿ ಎಂದು ಬುದ್ಧಿ ಹೇಳುವವನು, ಅಲ್ಲಿ ಮಾತ್ರ ಮರೆತಿದ್ದ. ಕಾಯಿಲೆಯಿಂದ ಎದ್ದು ಅರ್ಧ ಆಳಾಗಿದ್ದರೂ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತ. ಬಿಸಿಲಿಗೆ ಹಿಡಿದ, ಬೆರಳಿಂದ ತಟ್ಟಿದ, ಕಿವಿಗೆ ಹಚ್ಚಿ ಕೇಳಿದ. ನಿನ್ನೆ ಸಂಜೆ ಅದು ಇದ್ದಕ್ಕಿದ್ದಂತೆ ತಿರುಗಿತು. ಹೊಸ ಡಿಸ್ಕಿಗೆ ಪ್ರತಿ ಮಾಡಲು ಹಚ್ಚಿ, ಹೆಂಡತಿಯನ್ನು ಕರೆದ.

“ನಿಧಾನ ಬರ್ತಿದೆ. ಓದೋಕಾಗದ ಕಡೆ ಮತ್ತೆ ಮತ್ತೆ ಓದುತ್ತೆ. ನನಗೆ ನಿದ್ದೆ ಹತ್ತಿದರೆ ನೀನಾದ್ರೂ ನೋಡ್ಕೋ. ಯಾರಿಗೂ ಆಫ್ ಮಾಡೋಕೆ ಬಿಡಬೇಡ.”

ಡಬ್ಬಿಯ ವಿಷಯದಲ್ಲಿ ಆತ ಅವಳನ್ನು ಏನಾದರೂ ಕೇಳಿದ್ದು ಅದೇ ಮೊದಲು.

ಬೆಳಿಗ್ಗೆ ಚಹಾ ತಂದಾಗ ಆತ ಕುರ್ಚಿಯಲ್ಲೇ ಇದ್ದ. ಕೆನ್ನೆ ಮೇಜಿನ ಮೇಲೆ, ಕಿವಿ ಡಿಸ್ಕಿನ ಕಡೆಗೆ. ಮಂಚ ಇರೋದು ಯಾಕೆ, ಕತ್ತು ಹಿಡ್ಕೊಂಡರೆ ಉಜ್ಜೋಳು ನಾನೇ ತಾನೇ ಎಂದು ಅವಳು ಬೈದಳು. ಉತ್ತರ ಬರಲಿಲ್ಲ. ಬರುವ ವಾಡಿಕೆಯೂ ಇರಲಿಲ್ಲ. ಡಿಸ್ಕು ಸದ್ದು ಮಾಡುತ್ತಲೇ ಇತ್ತು. ಸದ್ದಿದ್ದರೆ ಆ ಕೋಣೆಯಲ್ಲಿ ಆತನಿದ್ದಾನೆ ಎಂದೇ ಇಷ್ಟು ವರ್ಷ ಅವಳ ಲೆಕ್ಕ. ಹಾಗಾಗಿ ಚಹಾ ಆರುವ ತನಕ ಅವಳು ಸತ್ತ ಗಂಡನನ್ನು ಬೈಯುತ್ತಲೇ ಇದ್ದಳು.

*

ಕೊನೆಗೆ ಮೈದುನ ಸೋತು, ಮಂಜುಗಡ್ಡೆ ತರಲು ಹೋದ. ಮೀನಿನವರ ಕಡೆಯಿಂದ ಗೋಣಿಚೀಲಗಳಲ್ಲಿ ತುಂಬಿಸಿಕೊಂಡು ಬಂದು ಅಣ್ಣನ ಎರಡೂ ಮಗ್ಗುಲಿಗೆ ಇಟ್ಟ. ಫ್ರೀಜರ್ ಪೆಟ್ಟಿಗೆ ಬಂದ ದಾರಿಯಲ್ಲೇ ವಾಪಸ್ಸು ಹೋಯಿತು.

ಬಂದವರು ಗುಸುಗುಸು ಎಂದರು. ವಯಸ್ಸಾದ ಸೋದರತ್ತೆಯೊಬ್ಬಳು ಎಲ್ಲರಿಗೂ ಕೇಳುವಂಥ ಪಿಸುದನಿಯಲ್ಲಿ, ಜೀವ ಇದ್ದಾಗಲೂ ಡಬ್ಬಿ, ಹೋದ ಮೇಲೂ ಡಬ್ಬಿ, ಮಾರಾಟಕ್ಕಿಟ್ಟ ಮೀನಿನ ಹಾಗೆ ಮಲಗಿಸಿದ್ದಾರಲ್ಲ ಎಂದಳು. ಗೋಣಿಯಿಂದ ಇಳಿದ ನೀರು ನೆಲದ ಮೇಲೆ ಹರಿದು ಕೋಣೆಯ ಹೊಸ್ತಿಲ ಕಡೆಗೇ ಹೊರಟಿತ್ತು. ಹೆಂಡತಿ ಬಟ್ಟೆ ಹಿಡಿದು ಒರೆಸುವುದು, ಹಿಂಡುವುದು, ಮತ್ತೆ ಒರೆಸುವುದು ಮಾಡುತ್ತಿದ್ದಳು.

ಕೋಣೆಯಿಂದ ಸದ್ದು ಬರುತ್ತಲೇ ಇತ್ತು. ಮನೆ ತುಂಬ ಜನ ಬಂದಿದ್ದಾರೆ, ಈ ಮನುಷ್ಯ ಇನ್ನೂ ಒಳಗೇ ಕೂತಿದ್ದಾನಲ್ಲ, ಒಂದು ಸಲ ಬಂದು ಮಾತಾಡಿಸಬಾರದೇ ಎಂದು ಅವಳಿಗೆ ಅನ್ನಿಸಿಬಿಡುತ್ತಿತ್ತು. ಒಮ್ಮೆ “ರೀ” ಎಂದು ಬಾಯಿವರೆಗೂ ಬಂತು. ಆಗೆಲ್ಲ ತಿರುಗಿ ನೋಡಿದರೆ ಆತ ಇಲ್ಲಿ, ಗೋಣಿಚೀಲಗಳ ನಡುವೆ ಮಲಗಿದ್ದ.

ದರ್ಜಿ ಹೆಂಗಸು ಬೆಳಗಿನಿಂದ ಬಾಗಿಲ ಬಳಿ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಅವಳು ಒಳಗೆ ಬಂದದ್ದು ಒಂದೇ ಸಲ. ಕಾಯಿಲೆಗೆ ಸೊರಗಿದ್ದ ಮಾಮನ ಮೈಮೇಲೆ ಅಂಗಿ ಗುಡಾರದ ಹಾಗೆ ನಿಂತಿದ್ದನ್ನು ನೋಡಲಾರದೆ, ಬೆನ್ನ ಹಿಂದೆ ಬಟ್ಟೆ ಮಡಚಿ ಗುಂಡುಸೂಜಿ ಚುಚ್ಚಿ ಬಿಗಿ ಮಾಡಿ ಹೋದಳು. ಅಂಗಿ ಅವಳೇ ಆ ಹಳೆಯ ಅಳತೆಗೆ ಹೊಲಿದದ್ದು.

ಮಧ್ಯಾಹ್ನ ಕಳೆಯುವಷ್ಟರಲ್ಲಿ ಗಂಡನ ತುಟಿಯ ಬಣ್ಣ ತಿರುಗಿತು. ಕಿವಿಯ ಹಿಂದೆಯೂ ಕಪ್ಪು ಕಾಣಿಸಿತು. ಸೋದರತ್ತೆ ಮೂಗಿಗೆ ಬಟ್ಟೆ ಹಿಡಿದಳು. ಅದೊಂದನ್ನು ಹೆಂಡತಿಯಿಂದ ತಡೆಯಲಾಗಲಿಲ್ಲ. ಅವಳು ಸೀದಾ ಕೋಣೆಗೆ ಹೋಗಿ ದೊಡ್ಡ ಪ್ಲಗ್ಗಿನ ಮೇಲೆ ಕೈಯಿಟ್ಟಳು. ಇಷ್ಟು ವರ್ಷದ ಸಿಟ್ಟೆಲ್ಲ ಆ ಕೈಯಲ್ಲಿತ್ತು. ನನ್ನ ಗಂಡ ಹೊರಗೆ ಕೆಡುತ್ತಿದ್ದಾನೆ, ನೀನು ಇಲ್ಲಿ ತಿರುಗುತ್ತ ಕೂತಿದ್ದೀಯಲ್ಲ. ಎಳೆದರೆ ಯುಪಿಎಸ್ಸು ಒಂದಿಷ್ಟು ಕೂಗಿ ಆರುತ್ತದೆ, ಅಲ್ಲಿಗೆ ಮುಗಿಯಿತು. ಪೆಟ್ಟಿಗೆಯನ್ನು ವಾಪಸ್ಸು ತರಿಸಬಹುದು.

“ಕಿತ್ತುಬಿಡಿ ಅಕ್ಕ.”

ಹಿಂದೆ ದರ್ಜಿ ಹೆಂಗಸು ನಿಂತಿದ್ದಳು. ಅವಳ ಕಣ್ಣು ಹಸಿರು ಪಟ್ಟಿಯ ಮೇಲಿರಲಿಲ್ಲ, ನೆಲದ ಮೇಲಿತ್ತು.

“ನನ್ನ ಮಗಳು ಯಾವತ್ತೋ ಹೋದಳು. ಇವತ್ತು ಮಾಮನ ದಿನ. ಕಿತ್ತುಬಿಡಿ. ನಾನೇನೂ ಅಂದ್ಕೊಳ್ಳಲ್ಲ.”

ಹೇಳುವಷ್ಟು ಹೊತ್ತೂ ಅವಳ ಒಂದು ಕೈ ಇನ್ನೊಂದು ಕೈಯ ಬೆರಳುಗಳನ್ನು ಒಂದೊಂದಾಗಿ ಒತ್ತಿ ಹಿಡಿಯುತ್ತಿತ್ತು. ಡಿಸ್ಕು ಟಕ್ ಎಂದು ಎಡವಿ ಸುಮ್ಮನಾಯಿತು. ಇಬ್ಬರೂ ಉಸಿರು ಬಿಗಿಹಿಡಿದರು. ಅದು ಮತ್ತೆ ಕಿರ್ರೆಂದಿತು.

ಹೆಂಡತಿ ಪ್ಲಗ್ಗಿನಿಂದ ಕೈ ತೆಗೆದಳು. ಗಂಡನ ಕುರ್ಚಿಯನ್ನು ಎಳೆದು, “ಕೂತ್ಕೋ,” ಎಂದಳು. “ನಾನು ಹೊರಗೆ ಅವರನ್ನ ನೋಡ್ಕೋತೀನಿ. ಇದನ್ನ ನೀನು ನೋಡ್ಕೋ.”

*

ಡಬ್ಬಿ ಮಾಮನ ಮಗಳು ಬಂದಾಗ ಬಿಸಿಲು ಇಳಿದಿತ್ತು. ದೂರದೂರಿನ ಆಸ್ಪತ್ರೆಯಲ್ಲಿ ನರ್ಸು. ಸಾವು ಅವಳಿಗೆ ಹೊಸದಲ್ಲ. ಆದರೂ ಅಪ್ಪನ ಕೈ ಹಿಡಿದವಳೇ ಬೆಚ್ಚಿ, ಯಾಕಮ್ಮ ಇಷ್ಟು ಒದ್ದೆಯಾಗಿದ್ದಾರೆ, ಯಾಕೆ ನೆಲದ ಮೇಲೆ ಹೀಗೆ ಎಂದು ಕೇಳಿದಳು. ಚಿಕ್ಕಪ್ಪ ನಡೆದದ್ದನ್ನೆಲ್ಲ ಹೇಳಿದ. ಅವಳು ಅಮ್ಮನ ಕಡೆ ನೋಡಿದ ನೋಟ ಒಳ್ಳೆಯದಿರಲಿಲ್ಲ.

“ಒಂದು ಡಿಸ್ಕಿಗೋಸ್ಕರ ಅಪ್ಪನ್ನ ಹೀಗೆ ಮಾಡಿದೆಯಾ ಅಮ್ಮ?”

“ಹೌದು,” ಎಂದಳು ತಾಯಿ. “ನಿಮ್ಮಪ್ಪನ ಮುಖ ನಮಗೆಲ್ಲ ನೆನಪಿರುತ್ತೆ. ಆ ಮಗು ದನಿ ಇರೋದು ಅದೊಂದರಲ್ಲೇ.”

ಆಗ ಒಳಗಿನ ಕಿರ್ರೆನ್ನುವ ಸದ್ದು ಏರಿತು, ಒಂದು ಸಲ ಜೋರಾಗಿ ಟಕ್ ಎಂದಿತು, ಕ್ರಮೇಣ ಇಳಿದು ನಿಂತುಹೋಯಿತು. ಕೋಣೆ ನಿಶ್ಶಬ್ದವಾಯಿತು. ಆ ಕೋಣೆ ಅಷ್ಟು ನಿಶ್ಶಬ್ದವಾಗಿದ್ದುದನ್ನು ಹೆಂಡತಿ ಎಂದೂ ಕೇಳಿರಲಿಲ್ಲ. ಗಂಡ ಇನ್ನಿಲ್ಲ ಎನ್ನುವುದು ಅವಳಿಗೆ ತಿಳಿದದ್ದು ಆಗ. ಬೆಳಗಿನಿಂದ ಒಂದು ಹನಿಯೂ ಬಾರದಿದ್ದ ಕಣ್ಣಲ್ಲಿ ನೀರು ಕಿತ್ತುಕೊಂಡು ಬಂತು.

ಮಗಳೇ ಒಳಗೆ ಹೋದಳು. ಅಪ್ಪನ ಪಕ್ಕ ಕೂತು ಕಲಿತವಳು. ಒಳಗೆ ಹೋದವಳ ಕೈ ತನಗೆ ತಾನೇ ಕಿಟಕಿಯ ಸರಳನ್ನು ಮುಟ್ಟಿತು. ಹಸಿರು ಪಟ್ಟಿ ಕೊನೆ ಮುಟ್ಟಿರಲಿಲ್ಲ, ಒಂದು ಗೆರೆಯಷ್ಟು ಉಳಿದಿತ್ತು. ಹಳೆಯ ಡಿಸ್ಕು ಮುಟ್ಟಿದರೆ ಬೆರಳು ಸುಡುವಂತಿತ್ತು.

“ಎಲ್ಲಾ ಬಂದಿಲ್ಲ,” ಎಂದಳು ದರ್ಜಿ ಹೆಂಗಸಿಗೆ. “ಕೊನೆಯ ಸ್ವಲ್ಪ ಹೋಯ್ತು.”

ಬಂದದ್ದರಲ್ಲಿ ಏನಿದೆ ಎಂದು ಕೇಳುವ ಧೈರ್ಯ ಆಕೆಗೆ ಬರಲಿಲ್ಲ. ಮಗಳು ಹೊಸ ಡಿಸ್ಕನ್ನು ತೆರೆದಳು. ಪರದೆಯ ತುಂಬ ಗಿರಾಕಿಗಳ ಹೆಸರು, ಮಗು ತಾನೇ ಕುಟ್ಟಿದ್ದು. ಅದರಲ್ಲೊಂದು ಹೆಸರು ಕಂಡು ಮಗಳ ಕೈ ತಡೆಯಿತು. ಆಮೇಲೆ ಅದನ್ನೇ ಒತ್ತಿದಳು.

ಮೊದಲು ಹೊಲಿಗೆ ಯಂತ್ರದ ಸದ್ದು. ಅದು ನಿಂತಿತು. ಯಾರೋ ಪುಟ್ಟ ಗಂಟಲು ಸರಿಮಾಡಿಕೊಂಡರು.

“ಡಬ್ಬಿ ಮಾಮ. ಅಂಗಿ. ಉದ್ದ ಮೂವತ್ತು. ಭುಜ ಹದಿನೆಂಟು. ಎದೆ... ಮಾಮ, ಉಸಿರು ಹಿಡ್ಕೋಬೇಡಿ. ಬಿಡಿ. ಬಿಟ್ಟರೇನೇ ಅಳತೆ ಸರಿಯಾಗಿ ಬರೋದು.”

ಗಂಡಸಿನ ನಗು ಕೇಳಿಸಿತು. ಅದರ ಹಿಂದೆ, ಮನೆಯವರೆಲ್ಲರಿಗೂ ಗುರುತಿದ್ದ ಒಂದು ನೀಳವಾದ ಉಸಿರು.

“ಎದೆ ನಲವತ್ತೆರಡು.”

ನಡುಮನೆಯಲ್ಲಿ ಅಣ್ಣನನ್ನು ಎತ್ತಲು ಬಗ್ಗಿದ್ದ ಮೈದುನ ಹಾಗೇ ನೆಲಕ್ಕೆ ಕೂತ. ದರ್ಜಿ ಹೆಂಗಸು ಕೋಣೆಯಿಂದ ಹೊರಗೆ ಬಂದು, ನೀರಿನಲ್ಲೇ ಮೊಣಕಾಲೂರಿ, ಡಬ್ಬಿ ಮಾಮನ ಬೆನ್ನಡಿಗೆ ಕೈ ಹಾಕಿದಳು. ಹೆಂಡತಿ ಗಂಡನ ಭುಜವನ್ನು ಮೆಲ್ಲಗೆ ಎತ್ತಿ ಹಿಡಿದಳು. ದರ್ಜಿ ಹೆಂಗಸು ಗುಂಡುಸೂಜಿಗಳನ್ನು ಒಂದೊಂದಾಗಿ ಕಿತ್ತು ತುಟಿಗಳ ನಡುವೆ ಕಚ್ಚಿಕೊಂಡಳು. ಮಡಿಕೆ ಬಿಚ್ಚಿದ ಅಂಗಿ ಆತನ ಸೊರಗಿದ ಎದೆಯ ಮೇಲೆ ಸಡಿಲವಾಗಿ, ಪೂರ್ತಿ ಅಗಲಕ್ಕೆ ಹರಡಿಕೊಂಡಿತು.