ಪೆಟ್ಟಿಗೆ ತೆಗೆಯುವುದು

“ಮಾತು ಯಾವಾಗಿಂದ ಆಡಬಹುದು ಡಾಕ್ಟ್ರೇ?” ಎಂದು ಹೆಂಡತಿ ಕೇಳಿದಾಗ ಡಾಕ್ಟರು ಅವಳ ಗಂಡನ ಕತ್ತಿನ ಗಾಯ ನೋಡುತ್ತಿದ್ದರು. ಬಗ್ಗಿದವರು ಹಾಗೇ ತಲೆಯೆತ್ತಿದರು.

“ಇವರ ಹಳೇ ದನಿ ಇನ್ನು ಬರಲ್ಲಮ್ಮ. ಮೊದಲೇ ಹೇಳಿದ್ದೆನಲ್ಲ, ಧ್ವನಿಪೆಟ್ಟಿಗೆ ತೆಗೀತೀವಿ ಅಂತ.”

“ಹೌದು, ತೆಗೆದ್ರಿ. ಗಂಟು ಆಚೆ ಹಾಕಿ ವಾಪಸ್ ಮುಚ್ಚಿದ್ರಲ್ಲ?”

ಹಾಸಿಗೆಯ ಮೇಲಿದ್ದವನು ಬೀಗ ರಿಪೇರಿಯವನು. ಪೇಟೆಯಲ್ಲಿ ಅವನಿಗೆ ರೇಡಿಯೋ ಎಂದೇ ಹೆಸರು. ಆಫ್ ಮಾಡುವ ಗುಂಡಿಯೇ ಇಲ್ಲ ಎಂದು ಅಕ್ಕಪಕ್ಕದ ಅಂಗಡಿಯವರ ತಮಾಷೆ. ಕೀಲಿ ಕಳೆದ ಟ್ರಂಕು, ಬೀರು, ಗಲ್ಲಾಪೆಟ್ಟಿಗೆ ಎಂದು ಬೆಳಗಿನಿಂದ ಸಂಜೆವರೆಗೆ ಪೆಟ್ಟಿಗೆ ತೆಗೆಯುವುದೇ ಅವನ ಕಸುಬು. ಅವನ ಮಟ್ಟಿಗೆ ತೆಗೆಯುವುದೆಂದರೆ ಬಾಗಿಲು ತೆಗೆದ ಹಾಗೆ. ತೆಗೆದದ್ದನ್ನು ಯಾರಾದರೂ ಮುಚ್ಚದೆ ಬಿಡುತ್ತಾರೆಯೇ!

ಆಪರೇಷನ್ನಿಗೆ ಮುಂಚೆ ಡಾಕ್ಟರು ಹೇಳಿದಾಗಲೂ ಅವನು ಗೊಗ್ಗರು ದನಿಯಲ್ಲೇ ನಕ್ಕಿದ್ದ.

“ಪೆಟ್ಟಿಗೆ ತಾನೆ? ಧಾರಾಳವಾಗಿ ತೆಗೀರಿ ಸಾರ್. ನಾನೂ ದಿನಾ ಅದನ್ನೇ ಮಾಡೋನು. ಬೀಗ ಒಡೀಬೇಡಿ, ಅಷ್ಟೆ.”

ಎಂಥ ಗಟ್ಟಿ ಆಸಾಮಿ ಎಂದು ಡಾಕ್ಟರೂ ನಕ್ಕು, ರುಜು ಹಾಕುವ ಜಾಗ ತೋರಿಸಿದ್ದರು. ಇವನು ಮತ್ತೇನೂ ಕೇಳಲಿಲ್ಲ, ಅವರೂ ಬಿಡಿಸಿ ಹೇಳಲಿಲ್ಲ. ಹೊರಗೆ ಇನ್ನೂ ಜನ ಕಾಯುತ್ತಿದ್ದರು.

ಈಗ ಡಾಕ್ಟರ ಮುಖ ಬಿಳಚಿಕೊಂಡಿತು. “ತೆಗೆಯೋದು ಅಂದ್ರೆ... ಪೂರ್ತಿ ತೆಗೆದುಹಾಕೋದಮ್ಮ. ಕ್ಯಾನ್ಸರ್ ಅದರ ತುಂಬ ಹಬ್ಬಿತ್ತು. ಜೀವ ಉಳೀಬೇಕಿತ್ತು.”

“ಅಯ್ಯೋ! ಜೀವ ಉಳಿಸಿ ಅಂತಾನೇ ಬಂದ್ವಿ ಸ್ವಾಮಿ. ಆದ್ರೂ ಹೀಗಾಗುತ್ತೆ ಅಂತ ಒಂದು ಮಾತು ಹೇಳಬಾರದಿತ್ತಾ? ಬಸುರಿ ಮಗಳು ಫೋನ್ ಮಾಡಿದ್ರೆ, ‘ಆಪರೇಷನ್ ಮುಗೀಲಿ, ಆಮೇಲೆ ಪಟ್ಟಾಗಿ ಕೂತು ಮಾತಾಡೋಣ’ ಅಂತ ಇಟ್ಬಿಟ್ರಲ್ಲ ಇವರು!”

“ನಾನು... ಹೇಳಿದೀನಿ ಅಂತ್ಲೇ ಅಂದ್ಕೊಂಡಿದ್ದೆ” ಎಂದರು ಡಾಕ್ಟರು. ಮುಂದೆ ಕತ್ತಿಗೆ ಯಂತ್ರ ಹಿಡಿದು ಮಾತಾಡುವುದನ್ನು ಕಲಿಸುತ್ತೇವೆ ಎಂದೂ ಹೇಳಿದರು. ಅದು ಅವಳ ತಲೆಗೆ ಹೋಗಲಿಲ್ಲ.

ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ ಗಂಡ ಅವಳ ಕೈಯನ್ನು ಬಿಗಿಯಾಗಿ ಹಿಡಿದ. ಕಣ್ಣಲ್ಲಿ ದಿಗಿಲು ತುಂಬಿತ್ತು. ಏನನ್ನೋ ಹೇಳಲು ಅವನ ತುಟಿಗಳು ಗಡಿಬಿಡಿಯಿಂದ ಅಲುಗಿದವು. ಉಸಿರು, ಉಸಿರಾಟಕ್ಕೆಂದು ಕತ್ತಿನಲ್ಲಿ ಮಾಡಿದ್ದ ತೂತಿನಿಂದ ಬಂದು ಅವಳ ತೋಳಿಗೆ ಬೆಚ್ಚಗೆ ತಾಗಿತು.

ಅವಳು ಬಗ್ಗಿ ಅವನ ಬಾಯಿಯ ಹತ್ತಿರಕ್ಕೆ ಕಿವಿ ತಂದಳು.

“ಕೇಳಿಸ್ತಿಲ್ಲ ಕಣ್ರೀ” ಎಂದಳು. “ಇನ್ನೂ ಸ್ವಲ್ಪ ಜೋರಾಗಿ ಹೇಳಿ.”